ರೆಗ್ಯುಲೇಟರ್ ಬಿಚ್ಚುವ ಮುಂಚೆ ಮೀಟರ್ ಹಿಡಿ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಹಳೇ ಸೆಸ್ನಾ 172 ವಿಮಾನ, ಕರೆಂಟು ಎಷ್ಟು ಹರಿಯುತ್ತೆ ಅಂತ ತೋರಿಸುವ ಆಮೀಟರ್‌ನ ಮುಳ್ಳು ಒಂದೇ ಸಮನೆ ಆಚೆ ಈಚೆ ಕುಣಿಯುತ್ತಿದೆ, ಲ್ಯಾಂಡಿಂಗ್ ಲೈಟ್ ಹಾಕಿದರೆ ಇನ್ನೂ ಜಾಸ್ತಿ. ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಹೊಸದು ತರಿಸೋಣ ಅಂತ ನಿಮ್ಮ ಸೀನಿಯರ್ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ತಡಿ ಮಗಳೇ. ಈ ತಪ್ಪನ್ನು ನಾನೇ ಮಾಡಿದ್ದೀನಿ, ಅದೂ ಎರಡೆರಡು ಸಲ.

ಆಗ ನನಗೆ ನಿನ್ನಷ್ಟೇ ವಯಸ್ಸು. ಇಂಥದೇ ವಿಮಾನ, ಇದೇ ಕುಣಿತ. ರೆಗ್ಯುಲೇಟರ್ ಬದಲಾಯಿಸಿದೆ, ಎರಡು ದಿನ ಸರಿಯಾಗಿತ್ತು, ಮೂರನೇ ದಿನ ಮತ್ತೆ ಶುರು. ಎಂಜಿನ್ ಜೊತೆ ತಿರುಗಿ ಕರೆಂಟು ಕೊಡುವ ಆಲ್ಟರ್ನೇಟರ್ ಬದಲಾಯಿಸಿದೆ, ಅಷ್ಟೇ ಕಥೆ. ಮಾಲೀಕರು ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದರು. ಕೊನೆಗೆ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಬಂದು ಸೀಟಲ್ಲಿ ಕೂತು, ಏನೂ ಮಾತಾಡದೆ, ಮಾಸ್ಟರ್ ಸ್ವಿಚ್‌ನಲ್ಲಿ ಎಡಗಡೆ ಇರುವ ಆಲ್ಟರ್ನೇಟರ್ ಭಾಗವನ್ನು ಟಕ ಟಕ ಅಂತ ಇಪ್ಪತ್ತು ಸಲ ಆನ್ ಆಫ್ ಮಾಡಿದರು. ಎಂಜಿನ್ ಸ್ಟಾರ್ಟ್ ಮಾಡಿದೆವು. ಮುಳ್ಳು ಕಲ್ಲಿನ ಹಾಗೆ ನಿಂತುಬಿಟ್ಟಿತು! ಆಮೇಲೆ ಆ ಸ್ವಿಚ್ ತೆಗೆದು ಒಡೆದು ತೋರಿಸಿದರು. ಒಳಗಿನ ಕಾಂಟ್ಯಾಕ್ಟ್ ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಾಗಿತ್ತು.

ಯಾಕೆ ಹೀಗಾಗುತ್ತೆ ಅಂತ ಅರ್ಥ ಮಾಡಿಕೋ, ಸುಮ್ನೆ ನೆನಪಿಟ್ಟುಕೊಂಡರೆ ಪ್ರಯೋಜನ ಇಲ್ಲ. ಆ ವಿಮಾನದಲ್ಲಿ ಬಸ್‌ನಿಂದ, ಅಂದರೆ ಎಲ್ಲ ಉಪಕರಣಗಳಿಗೂ ಕರೆಂಟು ಹಂಚುವ ಲೋಹದ ಪಟ್ಟಿಯಿಂದ, ಹೊರಟ ಕರೆಂಟು ಫೀಲ್ಡ್ ಬ್ರೇಕರ್, ಆ ಸ್ವಿಚ್, ಓವರ್‌ವೋಲ್ಟೇಜ್ ಸೆನ್ಸರ್ ಎಲ್ಲ ದಾಟಿ ರೆಗ್ಯುಲೇಟರ್‌ಗೆ ಬರುತ್ತೆ, ಅಲ್ಲಿಂದ ಆಲ್ಟರ್ನೇಟರ್‌ನ ಫೀಲ್ಡ್‌ಗೆ, ಅಂದರೆ ಒಳಗಿನ ಕಾಂತದ ಸುರುಳಿಗೆ, ಹೋಗುತ್ತೆ. ಬಸ್‌ನಲ್ಲಿ ಎಷ್ಟು ವೋಲ್ಟೇಜ್ ಇದೆ ಅಂತ ರೆಗ್ಯುಲೇಟರ್ ನೋಡೋದೂ ಅದೇ ವೈರಿನಲ್ಲಿ. ಅಜ್ಜಿ ಮನೆ ಬಚ್ಚಲು ನೆನಪಿದೆಯಾ? ಉರಿ ಹಾಕುವವನು ಹಂಡೆಗೆ ಕೈ ಅದ್ದಿ ನೋಡದೆ, ಉದ್ದ ಪೈಪಿನ ಆ ತುದಿಯಲ್ಲಿ ನೀರು ಮುಟ್ಟಿ ನೋಡಿ ಸೌದೆ ತುರುಕಿದರೆ ಏನಾಗುತ್ತೆ? ಹಂಡೆ ಕುದಿಯುತ್ತಿರುತ್ತೆ, ಅವನ ಕೈಗೆ ಮಾತ್ರ ಉಗುರುಬೆಚ್ಚಗೆ. ಸ್ವಿಚ್ ಸವೆದು ಅರ್ಧ ವೋಲ್ಟ್, ಒಂದು ವೋಲ್ಟ್ ಅಲ್ಲೇ ತಿಂದರೆ ರೆಗ್ಯುಲೇಟರ್ 'ಸಾಲದು' ಅಂತ ಫೀಲ್ಡ್ ಕರೆಂಟ್ ಏರಿಸುತ್ತೆ. ಕರೆಂಟ್ ಏರಿದ ಹಾಗೆ ಸ್ವಿಚ್ ಇನ್ನೂ ಜಾಸ್ತಿ ತಿನ್ನುತ್ತೆ, ಮತ್ತೆ ಏರಿಸುತ್ತೆ, ಮಿತಿ ದಾಟಿ ಇಳಿಸುತ್ತೆ. ನಿನ್ನ ವಿಡಿಯೋದಲ್ಲಿ ಕುಣಿಯುತ್ತಿರೋದು ಇದೇ ಇರಬೇಕು. ಬ್ರೇಕರ್ ಸವೆದಿದ್ದರೂ ಟರ್ಮಿನಲ್ ಸಡಿಲ ಆಗಿದ್ದರೂ ಹೀಗೇ ಆಗುತ್ತೆ.

ಹಾಗಾಗಿ ಮೊದಲು ಅಳತೆ. ಎಂಜಿನ್ ಆಫ್, ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಕೀ ನಿನ್ನ ಜೇಬಲ್ಲಿ, ಆದರೂ ಪ್ರೊಪೆಲ್ಲರ್ ತಿರುಗುವ ಜಾಗದಲ್ಲಿ ನಿಲ್ಲಬೇಡ, ಕೀ ತೆಗೆದ ಮಾತ್ರಕ್ಕೆ ಅದನ್ನು ನಂಬೋ ಹಾಗಿಲ್ಲ. ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸ್ವಿಚ್ ಆನ್ ಮಾಡು. ಮೀಟರ್‌ನ ಒಂದು ತುದಿ ಬಸ್ ಮೇಲೆ, ಇನ್ನೊಂದು ರೆಗ್ಯುಲೇಟರ್‌ಗೆ ಒಳಬರುವ ವೈರಿನ ಮೇಲೆ ಇಡು, ಎರಡರ ನಡುವಿನ ವ್ಯತ್ಯಾಸ ನೇರ ಕಾಣುತ್ತೆ. ನಮ್ಮದರಲ್ಲಿ ಬಸ್‌ನಲ್ಲಿ 12.4, ರೆಗ್ಯುಲೇಟರ್ ಹತ್ತಿರ 11.5 ಇತ್ತು. ಇಷ್ಟು ವ್ಯತ್ಯಾಸ ಇರಲೇಬಾರದು. ಆಮೇಲೆ ಒಂದೊಂದೇ ಜಾಯಿಂಟ್ ದಾಟುತ್ತಾ ಹೋಗು, ಎಲ್ಲಿ ಕಳ್ಳ ಅಂತ ತಾನಾಗೇ ಗೊತ್ತಾಗುತ್ತೆ. ಜಾಸ್ತಿ ಹೊತ್ತು ಹಾಗೇ ಬಿಡಬೇಡ, ಎಂಜಿನ್ ನಿಂತಿದ್ದರೂ ಫೀಲ್ಡ್ ಬ್ಯಾಟರಿ ಕುಡಿಯುತ್ತಿರುತ್ತೆ.

ಇದು ಕುಣಿತದ ಕಥೆ. ಚಾರ್ಜೇ ಆಗದಿದ್ದರೆ ದಾರಿ ಬೇರೆ. ಅದೇ ರೀತಿ ಎಂಜಿನ್ ನಿಲ್ಲಿಸಿ ಎರಡೂ ಸ್ವಿಚ್ ಆನ್ ಮಾಡಿದಾಗ ಆಲ್ಟರ್ನೇಟರ್‌ನ ಫೀಲ್ಡ್ ಟರ್ಮಿನಲ್‌ನಲ್ಲಿ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗಬೇಕು. ಸಿಗದಿದ್ದರೆ ತೊಂದರೆ ವೈರಿಂಗ್ ಕಡೆ ಅಥವಾ ರೆಗ್ಯುಲೇಟರ್‌ದು. ಸಿಕ್ಕಿದರೆ ಒಂದು ಕಬ್ಬಿಣದ ಸ್ಕ್ರೂಡ್ರೈವರ್ ತಗೊಂಡು ಆಲ್ಟರ್ನೇಟರ್ ಹಿಂದಿನ ಬೇರಿಂಗ್ ಹತ್ತಿರ ಹಿಡಿ. ಒಳಗೆ ಫೀಲ್ಡ್ ಕೆಲಸ ಮಾಡುತ್ತಿದ್ದರೆ ಸಣ್ಣಗೆ ಎಳೆಯುತ್ತೆ. ಎಳೆಯದಿದ್ದರೆ ಫೀಲ್ಡ್‌ಗೆ ಕರೆಂಟು ಮುಟ್ಟಿಸುವ ಬ್ರಷ್ ಸವೆದಿರಬಹುದು. ಬೆಲ್ಟ್ ಜಾರುತ್ತಿದೆಯಾ ಅಂತಲೂ ನೋಡು, ಆದರೆ ಬೆರಳಲ್ಲಿ ಒತ್ತಿ 'ಬಿಗಿ ಇದೆ' ಅನ್ನಬೇಡ, ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಪುಲ್ಲಿ ನಟ್‌ಗೆ ಟಾರ್ಕ್ (ತಿರುಗಿಸುವ ಬಲ) ಕೊಟ್ಟು ನೋಡು. ಆ ಲೈಕಮಿಂಗ್ ಎಂಜಿನ್‌ನಲ್ಲಿ ಬೆಲ್ಟ್ ಬದಲಾಯಿಸಬೇಕು ಅಂದರೆ ಪ್ರೊಪೆಲ್ಲರೇ ಬಿಚ್ಚಬೇಕು, ನಿನಗೇ ಗೊತ್ತಲ್ಲ.

ಹೆಡ್‌ಸೆಟ್‌ನಲ್ಲಿ ಕುಂಯ್ ಅಂತ ಸದ್ದು ಬಂದು, ಆರ್‌ಪಿಎಂ ಜೊತೆ ಅದೂ ಏರುತ್ತಿದ್ದರೆ ಆಲ್ಟರ್ನೇಟರ್‌ನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ ಅನುಮಾನ ಇಡು.

ಇನ್ನೊಂದು. ಮುಳ್ಳು ಏನು ತೋರಿಸುತ್ತೆ ಅಂತ ಮೊದಲು ತಿಳಿದುಕೋ. ನಿನ್ನ 172ರಲ್ಲಿ ಸೊನ್ನೆ ನಡುವೆ ಇದೆ, ಚಾರ್ಜ್ ಆದಮೇಲೆ ಮುಳ್ಳು ಸೊನ್ನೆ ಹತ್ತಿರ ಬಂದರೆ ಒಳ್ಳೇದು. ಪೈಪರ್ ಚೆರೋಕಿ ವಿಮಾನದಲ್ಲಿ ಆಲ್ಟರ್ನೇಟರ್ ಎಷ್ಟು ಕೊಡುತ್ತಿದೆ ಅಂತ ತೋರಿಸುವ ಮೀಟರ್, ಅಲ್ಲಿ ಸೊನ್ನೆ ಅಂದರೆ ಆಲ್ಟರ್ನೇಟರ್ ಸತ್ತಿದೆ ಅಂತ. ಹಾಗೇ 1978ರ ಮಾಡೆಲ್‌ನಿಂದ 172ಗೆ 28 ವೋಲ್ಟ್ ಬಂತು, ಅದಕ್ಕೆ ಮುಂಚಿನದು 14. ಪಾರ್ಟ್ ಆರ್ಡರ್ ಮಾಡುವವರೂ ಇದನ್ನು ಮರೆತಿದ್ದು ನೋಡಿದ್ದೀನಿ.

ಸೀನಿಯರ್ ಹತ್ತಿರ ವಾದಕ್ಕೆ ಇಳಿಯಬೇಡ. ಸಹಿ ಹಾಕುವವರು ಅವರು. 'ಸರ್, ಆರ್ಡರ್ ಹಾಕೋ ಮುಂಚೆ ಐದು ನಿಮಿಷ ಅಳೆದು ನೋಡ್ಲಾ?' ಅಂತ ಕೇಳು, ಯಾರೂ ಬೇಡ ಅನ್ನಲ್ಲ. ಬೇಡ ಅಂದರೆ ಊಟದ ಹೊತ್ತಲ್ಲಿ ಇನ್ನೊಂದು ಸಲ ಕೇಳು.

ಬಸ್, ಬ್ರೇಕರ್ ಆಚೆ, ಸ್ವಿಚ್ ಆಚೆ, ರೆಗ್ಯುಲೇಟರ್, ಈ ನಾಲ್ಕು ಕಡೆ ಎಷ್ಟು ಬಂತು ಅಂತ ಬರೆದು ಕಳಿಸು, ಫೋಟೋ ಆದರೂ ಸರಿ. ಶನಿವಾರ ಬರುತ್ತೀಯಾ? ನಿನ್ನ ದೊಡ್ಡಮ್ಮ ನಿಪ್ಪಟ್ಟು ಮಾಡಿಟ್ಟಿದ್ದಾಳೆ. ಬದಲಾಯಿಸಿದ ಹಳೇ ಸ್ವಿಚ್ಚನ್ನು ಎಸೆಯೋದೇ ಆದರೆ ಕೇಳಿಕೊಂಡು ತಗೊಂಡು ಬಾ, ಒಡೆದು ನೋಡೋಣ.

ದೊಡ್ಡಪ್ಪ