ಅವತ್ತು ಪಾಯಸ ಬಡಿಸ್ತಾ ನಾನು ಹೇಳ್ದೇ ಉಳಿದ ಮಾತು

ಪ್ರೀತಿಯ ಪುಟ್ಟಿ,

ಕನ್ನಡದಲ್ಲೇ ಬರೀತಿದೀನಿ, ನಿಧಾನಕ್ಕೆ ಓದು, ಎಲ್ಲಾದ್ರೂ ಒತ್ತಕ್ಷರ ತೊಡಕಾದ್ರೆ ಗಟ್ಟಿಯಾಗಿ ಓದ್ಕೋ ಆಗ ಕಿವಿಗೆ ಅರ್ಥ ಆಗತ್ತೆ. ಇದನ್ನ ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ನಾನು ಆಫೀಸ್ ಮೀಟಿಂಗಲ್ಲಿ ಮಾತಾಡೋ ಹಾಗಾಗ್ಬಿಡತ್ತೆ.

ನೀನು ಕಾಲೇಜಿಗೆ ಹೊರಡೋ ಮುಂಚೆ, ವರಮಹಾಲಕ್ಷ್ಮಿ ಹಬ್ಬದ ಊಟಕ್ಕೆ ಎಲ್ಲರನ್ನೂ ಕರೆದಿದ್ವಲ್ಲ, ಅವತ್ತು ಅಂಕಲ್ ಒಬ್ರು ಅಂದ್ರು, ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಅಮೆರಿಕಕ್ಕೆ ಬಂದು ಓದಿ ದುಡಿದು ಮೇಲೆ ಬಂದ್ವಿ, ಇಷ್ಟು ವರ್ಷದಿಂದ ಇಲ್ಲೇ ಇರೋ ಅವರ ಕೈಲಿ ಯಾಕೆ ಆಗಲ್ಲ ಅಂತ. "ಅವರು ಅಂದ್ರೆ ಯಾರು ಅಂಕಲ್?" ಅಂತ ನೀನು ಕೇಳಿದೆ. ಬ್ಲ್ಯಾಕ್ ಜನ ಅಂತ ಎಲ್ಲರಿಗೂ ಗೊತ್ತಿತ್ತು, ಆದ್ರೂ ಎಲ್ಲರೂ ತಟ್ಟೆ ನೋಡ್ಕೊಂಡ್ರು. ನಾನು ಪಾಯಸದ ಪಾತ್ರೆ ಹಿಡ್ಕೊಂಡು ನಿಂತಿದ್ದೆ, ಇನ್ನೊಂದು ಸೌಟು ಹಾಕ್ಲಾ ಅಂತ ಅವರನ್ನ ಕೇಳ್ದೆ. ನೀನು ಎದ್ದು ಮೇಲೆ ಹೋದೆ, ನೀನು ನನ್ನ ಕಡೆ ನೋಡಿದ್ದು ನಂಗೆ ಮರೆತಿಲ್ಲ.

ನೀನು ಹೋದ್ಮೇಲೆ ದಿನಾ ಅದೇ ಯೋಚನೆ. ಅಲ್ಲೇ ಹೇಳ್ಬೇಕಾಗಿದ್ದನ್ನ ಈಗ ಹೇಳ್ತೀನಿ.

ಇಸವಿ 1965. ಅಲಬಾಮಾದ ಸೆಲ್ಮಾ ಅನ್ನೋ ಊರು. ಆ ಕೌಂಟಿಲಿ, ಅಂದ್ರೆ ಜಿಲ್ಲೆಲಿ, ಅರ್ಧದಷ್ಟು ಜನ ಬ್ಲ್ಯಾಕ್, ಆದ್ರೆ ಓಟಿಗೆ ಹೆಸರು ಬರೆಸೋಕೆ ಆಗಿದ್ದು ಅವರಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಮಾತ್ರ. ಹೆಸರು ಬರೆಸೋ ಆಫೀಸು ತಿಂಗಳಿಗೆ ಎರಡೇ ದಿನ ತೆಗೀತಿತ್ತು, ದಿನಗಟ್ಟಲೆ ಕ್ಯೂ ನಿಲ್ಲಿಸಿ ಸಂವಿಧಾನದ ಮೇಲೆ ಪ್ರಶ್ನೆ ಕೇಳಿ ಫೇಲ್ ಮಾಡೋರು, ಟೀಚರ್‌ಗಳನ್ನೂ ಫೇಲ್ ಮಾಡೋರು, ಹೆಸರು ಕೊಡೋಕೆ ಹೋದ ಅಂತ ಕೆಲಸದಿಂದ ತೆಗೆದುಹಾಕೋರು. ಮಾರ್ಚ್ 7, ಭಾನುವಾರ, ಸುಮಾರು 600 ಜನ ಅಲಬಾಮಾದ ರಾಜಧಾನಿ ಮಾಂಟ್ಗೊಮರಿಗೆ ನಡ್ಕೊಂಡು ಹೋಗ್ತೀವಿ ಅಂತ ಹೊರಟ್ರು. ಮುಂದಿದ್ದೋರಲ್ಲಿ ಒಬ್ರು ಜಾನ್ ಲೂಯಿಸ್, ಆಗ 25 ವರ್ಷ, ಬೆನ್ನಿಗೆ ಒಂದು ಬ್ಯಾಗು, ಅದ್ರಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಟೂತ್‌ಬ್ರಶ್. ಹೇಗೂ ಜೈಲಿಗೆ ಹಾಕ್ತಾರೆ, ಹಲ್ಲುಜ್ಜೋಕೆ ಬೇಕಲ್ಲ ಅಂತ. ಎಡ್ಮಂಡ್ ಪೆಟ್ಟಸ್ ಸೇತುವೆ ದಾಟ್ತಿದ್ದ ಹಾಗೆ ಪೊಲೀಸರು ಲಾಠಿ, ಟಿಯರ್ ಗ್ಯಾಸ್, ಕುದುರೆ ತಗೊಂಡು ಮೇಲೆ ಬಿದ್ರು. ಲೂಯಿಸ್ ತಲೆಬುರುಡೆ ಬಿರುಕು ಬಿಡ್ತು. ಅಮೀಲಿಯಾ ಬಾಯ್ನ್‌ಟನ್ ಅನ್ನೋ ಐವತ್ತು ದಾಟಿದ ಹೆಂಗಸು ಪ್ರಜ್ಞೆ ತಪ್ಪಿ ರಸ್ತೇಲಿ ಬಿದ್ದಿರೋ ಫೋಟೋ ನೀನು ನೋಡಿರ್ತೀಯ. ಆ ರಾತ್ರಿ ಟಿವಿಲಿ ನಾಜಿಗಳ ವಿಚಾರಣೆ ಕುರಿತ ಸಿನಿಮಾ ಬರ್ತಿತ್ತಂತೆ, ಅದನ್ನ ಮಧ್ಯದಲ್ಲೇ ನಿಲ್ಲಿಸಿ ಈ ಚಿತ್ರ ತೋರಿಸಿದ್ರು, ಎಲ್ಲೋ ಜರ್ಮನಿ ಕಥೆ ನೋಡ್ತಾ ಕೂತಿದ್ದ ಜನಕ್ಕೆ ತಮ್ಮದೇ ಪೊಲೀಸರು ಕಂಡ್ರು. ಎರಡು ವಾರ ಬಿಟ್ಟು ಮತ್ತೆ ಹೊರಟ್ರು, 54 ಮೈಲಿ ನಡೆದು ಮಾರ್ಚ್ 25ಕ್ಕೆ ಮಾಂಟ್ಗೊಮರಿ ಮುಟ್ಟಿದಾಗ 25,000 ಜನ ಆಗಿದ್ರು. ಆಗಸ್ಟ್ 6ಕ್ಕೆ ಅಧ್ಯಕ್ಷ ಜಾನ್ಸನ್ ವೋಟಿಂಗ್ ರೈಟ್ಸ್ ಆಕ್ಟ್‌ಗೆ ಸಹಿ ಹಾಕಿದ್ರು. ಬಣ್ಣ ನೋಡಿ ಓಟು ತಡೆಯೋದನ್ನ ನಿಲ್ಲಿಸೋ ಕಾನೂನು ಅದು. ಮಿಸಿಸಿಪಿ ರಾಜ್ಯದಲ್ಲಿ ನೂರಕ್ಕೆ ಏಳು ಜನರಷ್ಟೂ ಇಲ್ದೇ ಇದ್ದ ಬ್ಲ್ಯಾಕ್ ಮತದಾರರು ಎರಡು ಮೂರು ವರ್ಷದಲ್ಲಿ ಅರವತ್ತರ ಹತ್ರ ಬಂದ್ರು.

ಇಷ್ಟು ನಿಂಗೆ ಸ್ಕೂಲಲ್ಲೇ ಹೇಳಿರ್ತಾರೆ. ಆದ್ರೆ ಅದೇ ವರ್ಷ, ಅದೇ ಕಾಂಗ್ರೆಸ್ ಅಂದ್ರೆ ಇಲ್ಲಿನ ಸಂಸತ್ತು, ಎರಡು ತಿಂಗಳು ಕಳೆಯೋದ್ರೊಳಗೆ, ಅಕ್ಟೋಬರ್ 3ಕ್ಕೆ ಅದೇ ಜಾನ್ಸನ್ ಸ್ವಾತಂತ್ರ್ಯ ದೇವಿ ಪ್ರತಿಮೆ ಕೆಳಗೆ ಕೂತು ಇನ್ನೊಂದು ಕಾನೂನಿಗೆ ಸಹಿ ಹಾಕಿದ್ರು ಪುಟ್ಟಿ, ಅದು ವಲಸೆ ಕಾನೂನು, ನಾವು ಒಳಗೆ ಬಂದ ಬಾಗಿಲು ಅದೇ. ಇದನ್ನ ನಮ್ಮ ಮನೆಗಳಲ್ಲಿ ಯಾರೂ ಹೇಳಲ್ಲ.

ಅದಕ್ಕೂ ಮುಂಚೆ ಹೇಗಿತ್ತು ಗೊತ್ತಾ? ಭಗತ್ ಸಿಂಗ್ ಥಿಂಡ್ ಅಂತ ಒಬ್ರು ಪಂಜಾಬಿ, ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದೋರು. ಪೌರತ್ವ ಕೇಳಿದ್ದಕ್ಕೆ 1923ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯ ಅಲ್ಲ, ಹಾಗಾಗಿ ಆಗಲ್ಲ ಅಂತು. ಆಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ವಾಪಸ್ ಕಿತ್ಕೊಂಡ್ರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಹೀಗೇ ಪೌರತ್ವ ಕಳ್ಕೊಂಡು 1928ರಲ್ಲಿ ಪ್ರಾಣ ಬಿಟ್ರು, ಹೆಂಡ್ತಿ ಕಲಾ ಬಗಾಯ್ ಮೂರು ಮಕ್ಕಳನ್ನ ಇಟ್ಕೊಂಡು ಇಲ್ಲೇ ಬದುಕಿದ್ರು, ಈಗ ಬರ್ಕ್ಲಿಲಿ ಒಂದು ರಸ್ತೆಗೆ ಅವರ ಹೆಸರಿದೆ. 1924ರಲ್ಲಿ ಇನ್ನೊಂದು ಕಾನೂನು ಮಾಡಿ ಏಷ್ಯಾದವರಿಗೆ ಪೂರ್ತಿ ಬಾಗಿಲು ಹಾಕಿದ್ರು. 1946ರಲ್ಲಿ ಸಂದು ತೆಗೆದ್ರು, ವರ್ಷಕ್ಕೆ ಭಾರತದಿಂದ ನೂರು ಜನ, ಇಡೀ ದೇಶಕ್ಕೆ ನೂರು! ನಮ್ಮ ಕನ್ನಡ ಕೂಟದ ಯುಗಾದಿಗೆ ಎಷ್ಟು ಜನ ಸೇರ್ತೀವಿ ಯೋಚನೆ ಮಾಡು.

1924ರ ಆ ಕಾನೂನನ್ನ ವಿರೋಧಿಸಿ ಬ್ರೂಕ್ಲಿನ್ನಿನ ಹೊಸ ಸಂಸತ್ ಸದಸ್ಯ ಇಮ್ಯಾನ್ಯುಯಲ್ ಸೆಲ್ಲರ್ ಭಾಷಣ ಮಾಡಿದ್ರು, ಸೋತ್ರು. ನಲವತ್ತೊಂದು ವರ್ಷ ಕಾದು 1965ರಲ್ಲಿ ಅದೇ ಸೆಲ್ಲರ್ ಹೆಸರಿನ ಕಾನೂನು ಬಂದು ದೇಶ ನೋಡಿ ಕೋಟಾ ಕೊಡೋ ಪದ್ಧತಿನ ತೆಗೆದುಹಾಕ್ತು. ಈ ಮಧ್ಯೆ 1964ರ ಸಿವಿಲ್ ರೈಟ್ಸ್ ಆಕ್ಟನ್ನ ಕೆಳಮನೆ ಸಮಿತಿಯಿಂದ ದಾಟಿಸಿದ್ದೂ ಅವರೇ. ಹೋಟೆಲು, ಬಸ್ಸು, ಸ್ಕೂಲಲ್ಲಿ ಚರ್ಮದ ಬಣ್ಣ ನೋಡಬಾರದು ಅಂತ ಹೊರಗಡೆ ಜನ ಏಟು ತಿಂದು ಒಪ್ಪಿಸಿದ ಮೇಲೆ, ದೇಶದ ಬಾಗಿಲಲ್ಲಿ ಮಾತ್ರ ಯಾವ ಜಾತಿ ಯಾವ ಜನಾಂಗ ಅಂತ ಕೇಳೋಕೆ ಯಾವ ಮುಖ ಉಳೀತು? ಸಹಿ ಹಾಕೋವಾಗ ಜಾನ್ಸನ್, ಇದೇನು ಕ್ರಾಂತಿಕಾರಿ ಮಸೂದೆ ಅಲ್ಲ, ಲಕ್ಷಾಂತರ ಜನರ ಬದುಕನ್ನ ಇದು ಮುಟ್ಟಲ್ಲ ಅಂದಿದ್ರು. 1960ರಲ್ಲಿ ಇಲ್ಲಿ ಭಾರತದಿಂದ ಬಂದೋರು ಸುಮಾರು 12,000, ಈಗ ನಾವು ಹತ್ತಾರು ಲಕ್ಷ ಜನ.

ಈಗ ಅಂಕಲ್ ವಿಷಯಕ್ಕೆ ಬರ್ತೀನಿ. ಅವರ ಅಕ್ಕ ಡಾಕ್ಟರ್, ಎಪ್ಪತ್ತರ ದಶಕದಲ್ಲಿ ಬಂದೋರು. 1965ರಲ್ಲೇ ಮೆಡಿಕೇರ್ ಕೂಡ ಬಂದಿತ್ತು, ವಯಸ್ಸಾದವರಿಗೆಲ್ಲ ಆಸ್ಪತ್ರೆ ಖರ್ಚು ಸರ್ಕಾರ ನೋಡ್ಕೊಳ್ಳೋದು ಅಂತ ಆದ್ಮೇಲೆ ಡಾಕ್ಟರ್‌ಗಳು ಸಾಲದೇ ಹೋದ್ರು, ಹಾಗೆ ನಮ್ಮ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ ಓದಿದೋರಿಗೆಲ್ಲ ಇಲ್ಲಿ ಕೆಲಸ ಸಿಕ್ತು. ಆ ಅಕ್ಕ ಸಿಟಿಜನ್ ಆಗಿ ತಮ್ಮನಿಗೆ ಅರ್ಜಿ ಹಾಕಿದ್ರು, ಒಡಹುಟ್ಟಿದವರನ್ನ ಕರೆಸ್ಕೋಬಹುದು ಅನ್ನೋದಕ್ಕೆ ಆ ವಲಸೆ ಕಾನೂನಲ್ಲೇ ದೊಡ್ಡ ಪಾಲು ಇಟ್ಟಿದ್ರು. ಅಂಕಲ್ ಕಷ್ಟಪಟ್ಟಿದ್ದು ಸುಳ್ಳಲ್ಲ, ಗ್ಯಾಸ್ ಸ್ಟೇಷನ್ನಲ್ಲಿ ರಾತ್ರಿ ಪಾಳಿ ಮಾಡಿದಾರೆ, ಅದನ್ನ ನಾನು ಕಡಿಮೆ ಮಾಡಿ ಹೇಳಲ್ಲ. ನಿಮ್ಮಪ್ಪ 1999ರಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಬಂದಾಗಲೂ ಕೈಲಿದ್ದ ಡಿಗ್ರಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನದು, ಫೀಸು ಏನೇನೂ ಇರ್ಲಿಲ್ಲ, ಉಳಿದಿದ್ದೆಲ್ಲ ನಮ್ಮೂರ ಕಡೆ ರಾಗಿ ಬೆಳೆಯೋರ ತೆರಿಗೆ ದುಡ್ಡು. ಓದಿದೋರನ್ನೇ ಆರಿಸಿ ಒಳಗೆ ಬಿಟ್ರು, ಆಮೇಲೆ ನೋಡಿ ಎಷ್ಟು ಬುದ್ಧಿವಂತ ಜನ ಅಂದ್ರು, ನಾವೂ ನಂಬ್ಕೊಂಡ್ವಿ.

"ಅವರ ಕೈಲಿ ಯಾಕೆ ಆಗಲ್ಲ" ಅನ್ನೋದಕ್ಕೆ ಮನೆ ಸಾಲದ ಲೆಕ್ಕ ಸಾಕು. 1930ರ ದಶಕದಲ್ಲಿ ಸರ್ಕಾರವೇ ಊರೂರಿನ ಮ್ಯಾಪ್ ಮಾಡಿಸಿ ಬ್ಲ್ಯಾಕ್ ಜನ ಇರೋ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿಸಿತ್ತು, ನಮ್ಮ ಅಟ್ಲಾಂಟಾದ್ದೂ ಇದೆ. ಅಂಥ ಕಡೆ ಸಾಲಕ್ಕೆ ಸರ್ಕಾರ ಜಾಮೀನು ನಿಲ್ತಿರ್ಲಿಲ್ಲ. ಬಿಳಿಯರ ಅಜ್ಜಂದಿರು ಸುಲಭ ಕಂತಲ್ಲಿ ಮನೆ ತಗೊಂಡು ಮಕ್ಕಳಿಗೆ ಬಿಟ್ಟು ಹೋದ್ರು, ಇವರ ಅಜ್ಜಂದಿರು ಬಾಡಿಗೆ ಕಟ್ತಾನೇ ಉಳಿದ್ರು. ಮನೆ ಮಾರೋದ್ರಲ್ಲಿ ಬಣ್ಣ ನೋಡಬಾರದು ಅನ್ನೋ ಕಾನೂನು ಬಂದಿದ್ದು 1968ರ ಏಪ್ರಿಲ್ 11ಕ್ಕೆ, ಮೆಂಫಿಸಲ್ಲಿ ಕಸ ಎತ್ತೋ ಕಾರ್ಮಿಕರ ಮುಷ್ಕರಕ್ಕೆ ಅಂತ ಹೋದ ಮಾರ್ಟಿನ್ ಲೂಥರ್ ಕಿಂಗ್‌ರನ್ನ ಕೊಂದು ಒಂದು ವಾರ ಆದ್ಮೇಲೆ. ನಾವು ಈ ಮನೆ ತಗೊಂಡಾಗ ಏಜೆಂಟ್ "ಒಳ್ಳೆ ಏರಿಯಾ" ಅಂದ, ಹಾಗಂದ್ರೆ ಏನು ಅಂತ ಅವನೂ ಬಿಡಿಸಿ ಹೇಳ್ಲಿಲ್ಲ ನಾವೂ ಕೇಳ್ಲಿಲ್ಲ. ಅದು ನನ್ನ ಮನಸ್ಸಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ನಿಂಗೆ ಹೆಣ್ಣುಮಕ್ಕಳ ಕಥೆನೂ ಹೇಳ್ಬೇಕು. ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ ರೋಸಾ ಪಾರ್ಕ್ಸ್ ಗೊತ್ತು ಎಲ್ಲರಿಗೂ. ಅವರಿಗಿಂತ ಒಂಬತ್ತು ತಿಂಗಳು ಮುಂಚೆ, 1955ರ ಮಾರ್ಚ್ 2, ಅದೇ ಮಾಂಟ್ಗೊಮರಿ ಬಸ್ಸಲ್ಲಿ ಕ್ಲಾಡೆಟ್ ಕಾಲ್ವಿನ್ ಅನ್ನೋ ಹದಿನೈದರ ಹುಡುಗಿ ಸೀಟು ಬಿಟ್ಟು ಏಳಲ್ಲ ಅಂದ್ಲು. ಪೊಲೀಸರು ಎಳ್ಕೊಂಡು ಹೋದ್ರು. ಆದ್ರೆ ಮುಖಂಡರು ಅವಳನ್ನ ಮುಂದೆ ನಿಲ್ಲಿಸ್ಲಿಲ್ಲ, ಚಿಕ್ಕೋಳು, ಬಡವಳು, ಸ್ವಲ್ಪ ದಿನಕ್ಕೆ ಬಸುರಿನೂ ಆದ್ಲು, ಜನ ಏನಂತಾರೋ ಅಂತ. ಆ 'ಜನ ಏನಂತಾರೆ' ನಮ್ಮ ಮನೆಗಳಲ್ಲೂ ಎಷ್ಟು ಹುಡುಗೀರ ಬಾಯಿ ಮುಚ್ಚಿಸಿದೆ ಅಂತ ನೆನಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಆದ್ರೂ ಬಸ್ಸಿನ ಭೇದವನ್ನ ಕೊನೆಗೆ ಕೋರ್ಟಲ್ಲಿ ಮುರಿದ ಕೇಸಲ್ಲಿ ಸಾಕ್ಷಿ ಹೇಳಿದೋರಲ್ಲಿ ಅವಳೂ ಒಬ್ಬಳು. ಆ ಬಂಧನದ ದಾಖಲೆ ಅಳಿಸಿದ್ದು 2021ರಲ್ಲಿ, ಆಕೆಗೆ ಆಗ 82.

ರೋಸಾ ಪಾರ್ಕ್ಸ್ ಬಂಧನ ಆದ್ಮೇಲೆ 381 ದಿನ ಬಸ್ ಬಹಿಷ್ಕಾರ ನಡೀತು. ಮನೆಕೆಲಸಕ್ಕೆ ಹೋಗೋ ಹೆಂಗಸರು ಬೆಳಿಗ್ಗೆ ಸಂಜೆ ನಡೆದ್ರು, ಉಳಿದೋರಿಗೆ ಕಾರಿನ ವ್ಯವಸ್ಥೆ. ಕಾರಿಗೆ ಪೆಟ್ರೋಲು ಬೇಕಲ್ಲ, ದುಡ್ಡು ಎಲ್ಲಿಂದ? ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆ ಹೆಂಗಸು ಅಕ್ಕಪಕ್ಕದೋರನ್ನ ಸೇರಿಸ್ಕೊಂಡು ಚಿಕನ್, ಕೇಕು, ಪೈ ಮಾಡಿ ಮಾರಿ ವಾರವಾರ ದುಡ್ಡು ತಂದು ಕೊಡೋರು. ಯಾರು ಕೊಟ್ರು ಅಂತ ಗೊತ್ತಾದ್ರೆ ಕೆಲಸ ಹೋಗತ್ತಲ್ಲ, ಅದಕ್ಕೆ ತಮ್ಮ ಗುಂಪಿಗೆ 'ಎಲ್ಲಿಂದಲೂ ಬಂದಿಲ್ಲದ ಕ್ಲಬ್ಬು' ಅಂತ ಹೆಸರಿಟ್ಕೊಂಡ್ರು, ಎಲ್ಲಿಂದ ಬಂತು ದುಡ್ಡು ಅಂದ್ರೆ ಎಲ್ಲಿಂದಲೂ ಇಲ್ಲ! ಕೋರ್ಟಲ್ಲಿ ಕಿಂಗ್ ಪರ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಕೆಲಸ ಹೋಯ್ತು, ಮನೇಲೇ ಅಡುಗೆ ಮಾಡಿ ಬಡಿಸೋಕೆ ಶುರು ಮಾಡಿದ್ರು. ಇದನ್ನ ಓದಿದ ದಿನ ನಾನು ಒಲೆ ಮುಂದೆ ನಿಂತು ಅತ್ಬಿಟ್ಟೆ. ಅವರೂ ಸೌಟು ಹಿಡಿದಿದ್ರು, ನಾನೂ ಅವತ್ತು ಸೌಟು ಹಿಡಿದಿದ್ದೆ.

ಆ ಬಹಿಷ್ಕಾರದ ಸುದ್ದಿನ ಜೇಮ್ಸ್ ಲಾಸನ್ ಅನ್ನೋ ಬ್ಲ್ಯಾಕ್ ಯುವಕ ಓದಿದ್ದು ಎಲ್ಲಿ ಹೇಳು? ನಾಗಪುರದ ಪೇಪರಲ್ಲಿ. ಮಿಷನರಿಯಾಗಿ ಅಲ್ಲಿ ಕಾಲೇಜಲ್ಲಿದ್ದು ಗಾಂಧೀಜಿ ಸತ್ಯಾಗ್ರಹ ಕಲೀತಿದ್ರು. ವಾಪಸ್ ಬಂದು ನ್ಯಾಶ್ವಿಲಲ್ಲಿ ಹುಡುಗರಿಗೆ ಏಟು ಬಿದ್ರೂ ಕೈ ಎತ್ತದೇ ಇರೋದು ಹೇಗೆ ಅಂತ ಪಾಠ ಮಾಡಿದ್ರು, ಆ ಪಾಠಕ್ಕೆ ಕೂತೋರಲ್ಲಿ ಸೇಬು ಕಿತ್ತಳೆ ಬ್ಯಾಗಿನ ಜಾನ್ ಲೂಯಿಸ್ ಕೂಡ ಒಬ್ರು.

ಆದ್ರೆ ಅದನ್ನ ಹೇಳಿ ನಾವು ಎದೆ ಉಬ್ಬಿಸ್ಕೊಳ್ಳೋದು ಬೇಡ. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಸ್ಕೂಲಿಗೆ ಹೋಗಿದ್ರಂತೆ. ಅಲ್ಲಿನ ಹೆಡ್ ಮಾಸ್ಟ್ರು, ಅಮೆರಿಕದಿಂದ ಬಂದಿರೋ ನಮ್ಮ ಹಾಗೇ ಅಸ್ಪೃಶ್ಯರು ಅಂತ ಮಕ್ಕಳಿಗೆ ಪರಿಚಯ ಮಾಡಿದ್ರು. ಮೊದಲು ಕಿಂಗ್‌ಗೆ ಬೇಜಾರಾಯ್ತು, ಆಮೇಲೆ ಹೌದಲ್ಲ ನಾನು ಅದೇ ಅನ್ನಿಸ್ತು ಅಂತ ಅವರೇ ಹೇಳ್ಕೊಂಡಿದಾರೆ, ಅದೂ 1965ರಲ್ಲೇ. ನಮ್ಮಜ್ಜಿ ಮನೇಲಿ, ಹಾಸನದ ಹತ್ರ, ತೋಟದ ಕೆಲಸಕ್ಕೆ ಬರ್ತಿದ್ದೋರಿಗೆ ಹಿತ್ತಲ ಬಾಗಿಲ ಹೊರಗೆ ತೆಂಗಿನ ಚಿಪ್ಪಲ್ಲಿ ಕಾಫಿ ಮೇಲಿಂದ ಹುಯ್ತಿದ್ರು. ನಾನು ಏಳೆಂಟು ವರ್ಷದೋಳು, ನಾನೂ ಹುಯ್ದಿದೀನಿ. ಇದನ್ನ ನಿಂಗೆ ಇಷ್ಟು ವರ್ಷ ಹೇಳಿರ್ಲಿಲ್ಲ. ಅವತ್ತು ಊಟಕ್ಕೆ ಕೂತಿದ್ದ ನಾವ್ಯಾರೂ ಇಲ್ಲಿ ಬಂದು ಹೊಸದಾಗಿ 'ಅವರು' ಅನ್ನೋದು ಕಲೀಲಿಲ್ಲ, ಸೂಟ್‌ಕೇಸಲ್ಲೇ ಬಂದಿತ್ತು.

ನಿಂಗೆ ಹದಿನೆಂಟಾಯ್ತು. ಹದಿನೆಂಟಕ್ಕೆ ಓಟು ಅನ್ನೋದೂ 1971ರಲ್ಲಿ ಬಂದಿದ್ದು, ವಿಯೆಟ್ನಾಮಿಗೆ ಸಾಯೋಕೆ ಕಳಿಸ್ತೀರ ಓಟು ಯಾಕೆ ಕೊಡಲ್ಲ ಅಂತ ಹುಡುಗರು ಕೇಳಿದ್ದಕ್ಕೆ. ಬಂದಿದ್ದೆಲ್ಲ ಹಾಗೇ ಉಳಿಯತ್ತೆ ಅಂತಲೂ ಇಲ್ಲ, 2013ರಲ್ಲಿ ಸುಪ್ರೀಂ ಕೋರ್ಟು ವೋಟಿಂಗ್ ರೈಟ್ಸ್ ಆಕ್ಟಿನ ಬೆನ್ನೆಲುಬನ್ನೇ ಮುರೀತು, ಹಳೇ ತಪ್ಪು ಮಾಡಿದ್ದ ರಾಜ್ಯಗಳು ಮತದಾನದ ನಿಯಮ ಬದಲಾಯಿಸೋಕೆ ಮುಂಚೆ ಕೇಂದ್ರ ಸರ್ಕಾರನ ಕೇಳ್ಬೇಕಾಗಿತ್ತು, ಈಗ ಕೇಳ್ಬೇಕಿಲ್ಲ. ಕೇಸು ಹಾಕಿದ್ದು ಅದೇ ಅಲಬಾಮಾದ ಶೆಲ್ಬಿ ಕೌಂಟಿ. ನೀನು ಬೇರೆ ರಾಜ್ಯದಲ್ಲಿದೀಯ, ನಮ್ಮ ಜಾರ್ಜಿಯಾದ ಓಟಿಗೆ ಪೋಸ್ಟಲ್ ಬ್ಯಾಲೆಟ್ ಅರ್ಜಿ ಚುನಾವಣೆಗೆ 11 ದಿನ ಮುಂಚೆನೇ ತಲುಪ್ಬೇಕು, ಮರೀಬೇಡ.

ನಿನ್ನೆ ಅಂಕಲ್‌ಗೆ ಫೋನ್ ಮಾಡ್ದೆ. ಅವತ್ತು ನಾನು ಸುಮ್ಮನಿದ್ದಿದ್ದು ಒಪ್ಪಿಗೆಯಿಂದಲ್ಲ ಅಂದೆ, ಇಷ್ಟೂ ಹೇಳ್ದೆ, ನಿನಗೆ ಬರೆದಷ್ಟು ಚೆನ್ನಾಗಿ ಬರ್ಲಿಲ್ಲ, ಗಂಟಲು ಕಟ್ತು. ಮುಕ್ಕಾಲು ಗಂಟೆ ವಾದ ಮಾಡಿದ್ರು. ಕೊನೆಗೆ, ಅಕ್ಕನ ಅರ್ಜಿ ಆ ಕಾನೂನಿನದೇ ಅಂತ ನಂಗೆ ಗೊತ್ತಿರ್ಲಿಲ್ಲ ಅಂದ್ರು. ನಿನ್ನ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ನೀನು ಬಂದಾಗ ಮಾಂಟ್ಗೊಮರಿಗೆ ಹೋಗಿ ಅಲ್ಲಿಂದ ಸೆಲ್ಮಾಗೆ ಹೋಗೋಣ ಅಂತಿದೀನಿ, ಕಾರಲ್ಲಿ ಒಂದು ಸೀಟು ಖಾಲಿ ಇದೆ ಬರ್ತೀರಾ ಅಂತ ಅವರನ್ನೂ ಕೇಳಿದೀನಿ, ನೋಡ್ತೀನಿ ಅಂದಿದಾರೆ.

ಚಟ್ನಿಪುಡಿ ಡಬ್ಬಿ ಸೋಮವಾರ ಪೋಸ್ಟ್ ಮಾಡಿದೀನಿ, ತಲುಪಿದ ತಕ್ಷಣ ಫೋನ್ ಮಾಡು.

ನಿನ್ನ
ಅಮ್ಮ