ಗೆಳೆಯನಿಗೊಂದು ಪತ್ರ: ಬಿವಾ ಸರೋವರದ ದಂಡೆಯಿಂದ

ಏನೋ ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಫ್ಯೂಜಿ ಪರ್ವತದ ಫೋಟೋ ಇಲ್ಲ, ಟೋಕಿಯೋ ಫೋಟೋ ಇಲ್ಲ, ಯಾವಾಗ ನೋಡಿದ್ರೂ ಬರೀ ನೀರಿನ ಫೋಟೋ ಹಾಕ್ತಾನೆ, ನೀರು ನೋಡೋಕೆ ಜಪಾನಿಗೆ ಹೋಗ್ಬೇಕಿತ್ತಾ, ನಮ್ಮಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹಿನ್ನೀರೇ ಬಿದ್ದಿದೆಯಲ್ಲೋ ಅಂತ ಬೈದಿದೀಯ. ಫೋನಲ್ಲಿ ಉತ್ತರ ಹೇಳೋಕೆ ಹೋದ್ರೆ ಅರ್ಧಕ್ಕೇ ನೀನು ಹಸಿರು ಕೊಡೆ ಸುದ್ದಿ ತೆಗೀತೀಯ, ಆಮೇಲೆ ಇಬ್ರೂ ನಕ್ಕು ನಕ್ಕು ಹೇಳ್ಬೇಕಾದ್ದೇ ಮರ್ತು ಹೋಗುತ್ತೆ. ಅದಕ್ಕೇ ಇಲ್ಲೇ, ನಾಲ್ಕು ಜನ ಓದೋ ಜಾಗದಲ್ಲೇ ಬರೀತಿದೀನಿ, ನಮ್ಮ ಬ್ಯಾಚಿನವರೂ ಕೇಳ್ತಾನೇ ಇದ್ರು.

ಮೊದಲು ಈ ನೀರು ಎಂಥದ್ದು ಅಂತ ಹೇಳ್ತೀನಿ. ಬಿವಾ ಜಪಾನಿನ ಅತಿ ದೊಡ್ಡ ಸರೋವರ, ಸುಮಾರು 670 ಚದರ ಕಿಲೋಮೀಟರ್, ಆಳ ಇರೋ ಕಡೆ ನೂರು ಮೀಟರ್ ದಾಟುತ್ತೆ. ವಯಸ್ಸು ಸುಮಾರು 40 ಲಕ್ಷ ವರ್ಷ ಅಂತಾರೆ, ಇಷ್ಟು ಹಳೇ ಸರೋವರ ಪ್ರಪಂಚದಲ್ಲೇ ಕೆಲವೇ ಕೆಲವು. ಶಿಗಾ ಅನ್ನೋ ಪ್ರಾಂತ್ಯದ ನಡುವೆ ಇದೆ, ಸುತ್ತ ಗುಡ್ಡ, ಗುಡ್ಡಕ್ಕೂ ನೀರಿಗೂ ನಡುವೆ ಗದ್ದೆ, ಗದ್ದೆ ಮುಗಿದಲ್ಲಿ ಊರು. ನಾನಿರೋ ಒಸಾಕಾದ ನಲ್ಲೀಲಿ ಬರೋದೂ ಇದೇ ನೀರು, ಯೋದೋ ನದಿ ಮೂಲಕ. ಅಂದ್ರೆ ಇಲ್ಲಿಗೆ ಬಂದಾಗಿಂದ ನಾನು ಕುಡಿದಿದ್ದು, ಅನ್ನ ಬೇಯಿಸಿದ್ದು ಎಲ್ಲಾ ಬಿವಾ ನೀರಲ್ಲೇ. ಅನ್ನದ ಋಣ ಅಂತಾರಲ್ಲ, ಹಾಗೆ ಇದು ನೀರಿನ ಋಣ, ಹೋಗಿ ನೋಡ್ದೆ ಇರೋಕಾಗ್ಲಿಲ್ಲ.

ಹಿಕೊನೆ ಊರಿನ ಕೋಟೆ ಚೆನ್ನಾಗಿದೆ, 1622ರಲ್ಲಿ ಕಟ್ಟಿ ಮುಗಿಸಿದ್ದು, ಮರದ ಮೂಲ ಕಟ್ಟಡ ಇನ್ನೂ ನಿಂತಿದೆ. ರಾಷ್ಟ್ರೀಯ ಸಂಪತ್ತು ಅಂತ ಘೋಷಣೆಯಾಗಿರೋ ಐದು ಕೋಟೆ ಗೋಪುರಗಳಲ್ಲಿ ಇದೂ ಒಂದು. ಒಳಗಿನ ಮೆಟ್ಟಿಲು ಅಟ್ಟದ ಏಣಿ ಹಾಗೇ ಕಡಿದಾಗಿದೆ, ನಿಮ್ಮಪ್ಪನ ಕರ್ಕೊಂಡು ಬಂದ್ರೆ ಕೆಳಗೇ ಕೂರಿಸ್ಬೇಕು. ಮೇಲೆ ಹತ್ತಿದ್ರೆ ಕಿಟಕಿಯಿಂದ ಸರೋವರ ಕಾಣುತ್ತೆ. ನಾಗಹಾಮಾದಲ್ಲಿ 1900ರಲ್ಲಿ ಕಟ್ಟಿದ ಕಪ್ಪು ಗೋಡೆಯ ಬ್ಯಾಂಕ್ ಕಟ್ಟಡ ಒಂದಿದೆ, ಊರಿನವರೇ ಸೇರಿ ಅದನ್ನ ಉಳಿಸ್ಕೊಂಡು ಗಾಜಿನ ಸಾಮಾನಿನ ಅಂಗಡಿ ಮಾಡಿದಾರೆ, ಅದರಿಂದ ಇಡೀ ಬೀದಿಗೇ ಜೀವ ಬಂದಿದೆ. ಏಪ್ರಿಲ್‌ನಲ್ಲಿ ಅಲ್ಲಿ ಜಾತ್ರೆ, ರಥದ ಮೇಲೇ ರಂಗಸ್ಥಳ, ಅದ್ರಲ್ಲಿ ಚಿಕ್ಕ ಚಿಕ್ಕ ಹುಡುಗರು ಬಣ್ಣ ಹಚ್ಕೊಂಡು ಕಬುಕಿ ನಾಟಕ ಆಡ್ತಾರೆ. ಒಮಿಹಾಚಿಮಾನ್ ಅಂತ ಇನ್ನೊಂದು ಊರಿದೆ, ಹಳೇ ವ್ಯಾಪಾರಿಗಳ ಊರು, ಊರ ನಡುವೆ ದೋಣಿ ಕಾಲುವೆ. 1970ರ ದಶಕದಲ್ಲಿ ಆ ಕಾಲುವೆ ಕೊಳೆತು ನಾರ್ತಿತ್ತಂತೆ, ಮಣ್ಣು ಹಾಕಿ ಮುಚ್ಚಿಬಿಡೋಣ ಅಂತ ಮಾತಾಗಿತ್ತಂತೆ. ಊರಿನ ಹುಡುಗರು ಬೇಡ ಅಂತ ಹಟ ಹಿಡಿದು ತಾವೇ ಕೆಸರಿಗಿಳಿದು ಎತ್ತಿ ಹಾಕಿದ್ರು. ಈಗ ನೋಡ್ಬೇಕು ನೀನು, ಕಲ್ಲು ಕಟ್ಟಿದ ದಂಡೆ, ಬಿಳೀ ಗೋಡೆಯ ಉಗ್ರಾಣಗಳು, ನೀರಿಗೆ ಬಗ್ಗಿದ ಮರಗಳು.

ಸರೋವರದ ಕಥೇನೂ ಹಾಗೇ. 1977ರಲ್ಲಿ ನೀರು ಕೆಂಪಾಯ್ತು. ಒಂಥರಾ ಪಾಚಿಜೀವಿ ವಿಪರೀತ ಬೆಳೆದು ನೀರೆಲ್ಲ ಮೀನು ಕೊಳೆತ ವಾಸನೆ. ಬಟ್ಟೆ ಸೋಪಿನ ಪುಡಿಯಲ್ಲಿರೋ ಫಾಸ್ಫೇಟ್ ಕೂಡ ಒಂದು ಕಾರಣ ಅಂತ ಗೊತ್ತಾಯ್ತು. ಅಷ್ಟಾದ್ಮೇಲೆ ಸರ್ಕಾರ ಏನಾದ್ರೂ ಮಾಡ್ಲಿ ಅಂತ ಕಾಯದೆ ಶಿಗಾದ ಹೆಂಗಸರು ಆ ಪುಡಿ ಬಿಟ್ಟು ಹಳೇ ಕಾಲದ ಸೋಪಿಗೆ ವಾಪಸ್ ಹೋದ್ರು, ಕರಿದು ಉಳಿದ ಎಣ್ಣೆ ಮನೆ ಮನೆಯಿಂದ ಕೂಡಿಸಿ ಸೋಪು ಮಾಡಿಸಿದ್ರು. 1979ರಲ್ಲಿ ಪ್ರಾಂತ್ಯದ ಸರ್ಕಾರ ಫಾಸ್ಫೇಟ್ ಸೋಪಿನ ಪುಡಿ ಮಾರೋದನ್ನೇ ನಿಷೇಧಿಸೋ ಕಾನೂನು ತಂತು, ಮರುವರ್ಷ ಜುಲೈ 1ಕ್ಕೆ ಜಾರಿಯಾಯ್ತು, ಈಗಲೂ ಆ ದಿನ ಬಿವಾ ದಿನ. ಇಷ್ಟೆಲ್ಲ ಶುರುವಾಗಿದ್ದು ಬಟ್ಟೆ ಒಗೆಯೋ ಕಲ್ಲಿನ ಹತ್ರ ಅಂದ್ರೆ ನಂಗೆ ಮೈ ಜುಂ ಅನ್ನುತ್ತೆ ಮಾರಾಯ.

ಈಗ ಹರಿಯೆ ಅನ್ನೋ ಊರಿನ ವಿಷಯ. ನಿಂಗೆ ನಿಜವಾಗಿ ಹೇಳ್ಬೇಕು ಅನ್ಕೊಂಡಿದ್ದು ಇದನ್ನೇ.

ಸರೋವರದ ಪಶ್ಚಿಮ ದಂಡೆ ಮೇಲಿರೋ ಸಣ್ಣ ಹಳ್ಳಿ ಅದು. ಗುಡ್ಡದಲ್ಲಿ ಬಿದ್ದ ಮಳೆ, ಹಿಮ ಎಲ್ಲಾ ನೆಲದಡಿ ಹರಿದು ಬಂದು ಇಲ್ಲಿ ಮನೆ ಮನೆಯಲ್ಲೂ ಉಕ್ಕುತ್ತೆ. ಆ ನೀರಿಗೆ ಕಟ್ಕೊಂಡಿರೋ ಕಟ್ಟೆಗೆ ಕಬಾತಾ ಅಂತಾರೆ. ಕೆಲವರದ್ದು ಅಡುಗೆಮನೆ ಒಳಗೇ ಇದೆ, ಕೆಲವರದ್ದು ಅಂಗಳದಲ್ಲಿ ಸಣ್ಣ ಮಾಡು ಹಾಕಿ ಕಟ್ಟಿದ್ದು. ಬೇಸಿಗೆ ಚಳಿ ಎರಡರಲ್ಲೂ ನೀರು 13 ಡಿಗ್ರಿ ಆಸುಪಾಸು. ಮೊದಲು ಉಕ್ಕೋ ನೀರು ಕುಡಿಯೋಕೆ, ಅಡುಗೆಗೆ. ಅದು ತುಂಬಿ ಸುರಿಯೋ ತೊಟ್ಟೀಲಿ ತರಕಾರಿ ತೊಳೆಯೋದು, ಸೌತೆಕಾಯಿ ಟೊಮ್ಯಾಟೋ ತಣ್ಣಗಿಡೋದು. ಅದರಾಚೆ ದೊಡ್ಡ ತೊಟ್ಟಿ, ಅಲ್ಲಿ ಕಾರ್ಪ್ ಮೀನುಗಳು. ಊಟದ ಪಾತ್ರೆ ಮುಳುಗಿಸಿಟ್ರೆ ತಳಕ್ಕೆ ಹತ್ತಿದ ಅನ್ನ, ಸಾರು ಎಲ್ಲಾ ತಿಂದು ಖಾಲಿ ಮಾಡ್ತವೆ. ಆ ತೊಟ್ಟಿ ನೀರು ಹೊರಗಿನ ಕಾಲುವೆ ಸೇರುತ್ತೆ, ಕಾಲುವೆ ಪಕ್ಕದ ಮನೆ ಮುಂದೆ ಹಾದು, ಅದರಾಚೆ ಮನೆ ದಾಟಿ ಕೊನೆಗೆ ಬಿವಾ ಸೇರುತ್ತೆ. ಮೇಲಿನ ಮನೆಯವರು ಏನು ಬಿಟ್ರೂ ಅದು ಕೆಳಗಿನ ಮನೆಯವರ ತೊಟ್ಟಿ ಹತ್ರ ಬರುತ್ತೆ. ಅದು ಗೊತ್ತಿದ್ದೇ ಎಲ್ರೂ ಬಳಸ್ತಾರೆ. ಹಾಗೇ ನುಗ್ಗಿ ನೋಡೋ ಜಾಗ ಅಲ್ಲ, ಜನ ಬದುಕ್ತಿರೋ ಮನೆಗಳು, ಊರಿನವರೇ ಗೈಡ್ ಆಗಿ ಕರ್ಕೊಂಡು ಹೋಗ್ತಾರೆ.

ನಂಗೆ ತಕ್ಷಣ ನೆನಪಾಗಿದ್ದು ನಮ್ಮ ಅಬ್ಬಿ ನೀರು. ಗುಡ್ಡದ ಬುಡದಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬಂದು ನಮ್ಮ ಹಿತ್ತಲ ಕಲ್ಲಿನ ತೊಟ್ಟಿಗೆ, ಆ ಕಲ್ಲುಮರಿಗೆಗೆ ಬೀಳ್ತಿತ್ತಲ್ಲ. ರಾತ್ರಿಯೆಲ್ಲ ಆ ಸದ್ದು, ನೀನು ಉಳಿದ್ಕೊಂಡಾಗ ಮಳೆ ಬರ್ತಿದೆ ಅನ್ಕೊಂಡು ಎದ್ದು ಕೂತಿದ್ದೆ. ಅದೇ ಸದ್ದು ಕಣೋ ಇಲ್ಲೂ.

ಗೈಡ್ ಕರ್ಕೊಂಡು ಹೋದ ಒಂದು ಮನೇಲಿ ಅಜ್ಜಿಯೊಬ್ಬರಿದ್ರು, ಎಂಬತ್ತು ದಾಟಿರ್ಬೇಕು. ತೊಟ್ಟಿ ಅಂಚಲ್ಲಿ ಕೂತು ಮೂಲಂಗಿ ತೊಳೀತಿದ್ರು. ಬೇರಿನ ಮಣ್ಣನ್ನ ಹೆಬ್ಬೆರಳಲ್ಲಿ ಉಜ್ಜಿ, ನೀರಲ್ಲಿ ಒಂದ್ಸಲ ಅದ್ದಿ, ಹಣ್ಣೆಲೆ ಕಿತ್ತು ಮೀನಿಗೆ ಹಾಕಿ, ಒಳ್ಳೆ ಎಲೆಗಳನ್ನ ಒಂದು ಹುಲ್ಲುಕಡ್ಡೀಲಿ ಕಟ್ಟಿ ಪಕ್ಕಕ್ಕಿಡ್ತಿದ್ರು. ನನ್ನ ಹರಕು ಮುರುಕು ಜಪಾನೀಸ್‌ನಲ್ಲೇ ಮಾತಾಡ್ಸಿದೆ. ಮಗ ಟೋಕಿಯೋದಲ್ಲಿದಾನಂತೆ. ಮನೇಲಿ ಬೇರೆ ಯಾರೂ ಇಲ್ಲ. ಹೊಸ ವರ್ಷಕ್ಕೆ ಬರ್ತಾನೆ ಅಂದ್ರು. ಆಮೇಲೆ ನಿಮ್ಮನೇಲಿ ಯಾರ್ಯಾರಿದೀರಿ ಅಂತ ಕೇಳಿದ್ರು. ಅಮ್ಮ ಇದಾರೆ ಅಂದೆ. ಅಮ್ಮನ ಜೊತೆ ಯಾರಿದಾರೆ ಅಂದ್ರು. ಯಾರೂ ಇಲ್ಲ ಅಂದೆ. ಅವರು ಮತ್ತೇನೂ ಹೇಳ್ಲಿಲ್ಲ, ತೊಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ಸೆರಗಿನಂಥ ಏಪ್ರನ್‌ನಲ್ಲಿ ಒರೆಸಿ ನನ್ನ ಕೈಗೆ ಕೊಟ್ರು. ಅಲ್ಲೇ ನಿಂತು ತಿಂದೆ, ಗಂಟಲಲ್ಲಿ ಇಳೀಲಿಲ್ಲ.

ಊರಲ್ಲಿ ಬಾಗಿಲು ಹಾಕಿದ ಮನೆಗಳೂ ಕಂಡ್ವು. ಜಪಾನಲ್ಲಿ ಈಗ ಖಾಲಿ ಬಿದ್ದಿರೋ ಮನೆಗಳು ಸುಮಾರು 90 ಲಕ್ಷ ಅಂತ 2023ರ ಸರ್ಕಾರಿ ಲೆಕ್ಕ. ಮಕ್ಕಳು ಒಸಾಕಾ, ಟೋಕಿಯೋ ಸೇರಿದ್ರು, ಹಿರಿಯರು ಹೋದ್ಮೇಲೆ ಮನೆ ನೋಡೋರಿಲ್ಲ. ನಮ್ಮ ಸೀಮೆಯಲ್ಲಿ ಎಷ್ಟು ಮನೆ ಹಾಗಾಗಿದೆ, ಎಷ್ಟು ಕಡೆ ದೀಪ ಹಚ್ಚೋಕೆ ಒಬ್ರೇ ಉಳಿದಿದಾರೆ ಅಂತ ನಂಗಿಂತ ನಿಂಗೇ ಚೆನ್ನಾಗಿ ಗೊತ್ತು, ದಿನಾ ಆ ರಸ್ತೇಲೇ ಓಡಾಡ್ತೀಯ.

ಆಮೇಲೆ ದೇವಿ ದರ್ಶನ. ನಾಗಹಾಮಾದಿಂದ ಲಾಂಚ್ ಹತ್ತಿದ್ರೆ ಅರ್ಧ ಗಂಟೆ, ಚಿಕುಬು ದ್ವೀಪ. ಹೊಳೆಬಾಗಿಲಲ್ಲಿ ಲಾಂಚಿಗೆ ಕಾದು ಸಿಗಂದೂರಿಗೆ ಹೋಗ್ತಿದ್ವಲ್ಲ, ಬಸ್ಸೇ ಲಾಂಚ್ ಹತ್ತಿದಾಗ ನೀನು ಡ್ರೈವರ್‌ಗೆ ಕೇಳಿದ್ಯಲ್ಲ ಆ ಪ್ರಶ್ನೆ, ಅದು ನೆನಪಾಗಿ ಅಷ್ಟು ಜನರ ಮಧ್ಯೆ ಒಬ್ನೇ ನಕ್ಕೆ. ಅಲ್ಲಿಗೀಗ ಸೇತುವೆ ಬಂತಲ್ಲ, ಇಲ್ಲಿ ಇನ್ನೂ ಲಾಂಚೇ ಗತಿ. ದ್ವೀಪದಲ್ಲಿ ಬೆನ್‌ಜೈತೆನ್ ಇದಾಳೆ, ಅಂದ್ರೆ ನಮ್ಮ ಸರಸ್ವತಿ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಇಲ್ಲಿಗೆ ಬಂದವಳು, ಇಲ್ಲಿ ಎಂಟು ಕೈ. ಹೋಗೋನ್‌ಜಿ ದೇವಸ್ಥಾನ 724ರಲ್ಲಿ ಶುರುವಾಯ್ತು ಅಂತ ಪ್ರತೀತಿ. ದಡದಿಂದಲೇ ಕಡಿದಾದ 165 ಮೆಟ್ಟಿಲು. ಅಲ್ಲಿರೋ ಕೆತ್ತನೆಯ ಹೆಬ್ಬಾಗಿಲು ಹಿಂದೆ ಜಪಾನನ್ನ ಆಳಿದ ಹಿದೆಯೋಶಿ ಕಟ್ಟಿಸಿದ ಒಸಾಕಾ ಕೋಟೆಯದ್ದು, ಬಿಚ್ಚಿ ತಂದು ಇಲ್ಲಿ ನಿಲ್ಸಿದಾರೆ. ಆ ಕೋಟೆಯ ಬೇರೆ ಕಟ್ಟಡ ಯಾವುದೂ ಉಳಿದಿಲ್ಲ ಅನ್ನೋವಾಗ ಈ ಬಾಗಿಲಿನ ಬಣ್ಣ, ಹೂವು, ಹಕ್ಕಿ ನೋಡ್ತಾ ನಿಂತ್ರೆ ಕಾಲು ಏಳಲ್ಲ. ಇನ್ನೊಂದು ವಿಷಯ, ಆ ದ್ವೀಪದಲ್ಲಿ ಯಾರೂ ವಾಸ ಇಲ್ಲ. ಪೂಜೆಯವರು, ಅಂಗಡಿಯವರು ಎಲ್ರೂ ಬೆಳಿಗ್ಗೆ ಬಂದು ಸಂಜೆ ಹೊರಟುಹೋಗ್ತಾರೆ.

ಅಲ್ಲೊಂದು ಹರಕೆ ಇದೆ. ಪುಟ್ಟ ಮಣ್ಣಿನ ತಟ್ಟೆ ಎರಡು ಕೊಡ್ತಾರೆ. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಬೇಡಿಕೆ ಬರೆದು, ಬಂಡೆ ತುದೀಲಿ ನೀರಿಗೆ ಮುಖ ಮಾಡಿರೋ ಕಲ್ಲಿನ ತೋರಿ ಕಮಾನಿನ ನಡುವೆ ಹಾದುಹೋಗೋ ಹಾಗೆ ಎಸೀಬೇಕು. ಹೆಸರು ಕನ್ನಡದಲ್ಲೇ ಬರೆದೆ, ಸರಸ್ವತಿಗೆ ಓದೋಕೆ ಬರಲ್ವಾ. ಬೇಡಿಕೆ ತಟ್ಟೆ ಹಿಡಿದ್ಕೊಂಡು ನಿಂತೆ. ಬೇಗ ಊರಿಗೆ ವಾಪಸ್ ಹೋಗೋ ಹಾಗಾಗ್ಲಿ ಅಂತ ಬರೆಯೋದು ಅಂತ ಲಾಂಚಲ್ಲೇ ಯೋಚ್ನೆ ಮಾಡ್ಕೊಂಡಿದ್ದೆ. ಪ್ರತಿ ಸಲ ನೀನು ಕೇಳ್ದಾಗ ನಾನು ಹೇಳೋದೂ ಅದೇ ಅಲ್ವಾ. ಪೆನ್ನು ಏಳ್ಲಿಲ್ಲ ಕಣೋ. ನಂಗೆ ವಾಪಸ್ ಬರೋ ಮನಸ್ಸಿದೆಯಾ ಅಂತ ಅಲ್ಲಿ ನನ್ನನ್ನೇ ಕೇಳ್ಕೊಂಡೆ, ಇಲ್ಲ ಅನ್ನೋ ಉತ್ತರ ಬಂತು. ಇಲ್ಲಿ ಕೆಲಸ ಇಷ್ಟ, ಈ ಜನ ಇಷ್ಟ, ಈ ನೀರು ಇಷ್ಟ. ಇದನ್ನ ಯಾರ ಹತ್ರಾನೂ ಹೇಳಿರ್ಲಿಲ್ಲ. ನಿನ್ನ ಹತ್ರಾನೂ.

ಅಮ್ಮ ಹುಟ್ಟಿದ ಮನೆ ಲಿಂಗನಮಕ್ಕಿ ಮುಳುಗಡೇಲಿ ಹೋಯ್ತು, 1964ರಲ್ಲಿ. ಅಜ್ಜ ಕೊನೇವರೆಗೂ ಆ ಮನೆ ಕಂಬಗಳ ಬಗ್ಗೆನೇ ಮಾತಾಡ್ತಿದ್ರು, ನೀನೂ ಕೇಳಿದೀಯ. ಹಿನ್ನೀರು ಇಳಿದ ಬೇಸಿಗೇಲಿ ಅಮ್ಮ ದಂಡೆಗೆ ಹೋಗಿ, ಅಗೋ ಅಲ್ಲಿ ನಮ್ಮ ಅಂಗಳ ಇತ್ತು ಅಂತ ಕೈ ತೋರಿಸ್ತಿದ್ಳು. ಆ ಮನೆ ಬಿಡಿಸಿದ್ದು ನೀರು, ಯಾರ ಮೇಲೆ ಬೇಕಾದ್ರೂ ಸಿಟ್ಟು ಮಾಡ್ಕೋಬಹುದಿತ್ತು. ಈಗ ಅವಳು ಒಬ್ಳೇ ಇರೋ ಮನೆ ಖಾಲಿಯಾಗ್ತಿರೋದು ನನ್ನಿಂದ. ಅದಕ್ಕೆ ಯಾವ ಅಣೆಕಟ್ಟೂ ಬೇಕಾಗಿಲ್ಲ. ಇಲ್ಲಿ ಬಾ ಅಂದ್ರೆ ಬರಲ್ಲ, ದನ ಯಾರು ನೋಡ್ತಾರೆ, ತೋಟ ಯಾರು ನೋಡ್ತಾರೆ ಅಂತಾಳೆ. ಒಂದ್ಸಲ ಬಿಟ್ಟು ಬಂದಾಗಿದೆ, ಇನ್ನೊಂದ್ಸಲ ಆಗಲ್ಲ ಕಣಪ್ಪಾ ಅಂತ ಹೋದ ಸಲ ಅಂದ್ಳು.

ಕೊನೆಗೆ ತಟ್ಟೆ ಮೇಲೆ ಅಬ್ಬಿ ನೀರು ನಿಲ್ಲದಿರ್ಲಿ ಅಂತ ಬರೆದೆ. ಬೇರೇನೂ ಬರೆಯೋಕೆ ತೋಚ್ಲಿಲ್ಲ.

ಇಷ್ಟು ಬರೀಬೇಕು ಅಂತ ಕೂತಿರ್ಲಿಲ್ಲ ನಾನು. ಬಿಡು. ಈಗ ನಿನ್ನ ಇಷ್ಟದ ವಿಷಯಕ್ಕೆ ಬರ್ತೀನಿ, ಮೀನು. ಫುನಾಜುಶಿ ಅಂತ ಇಲ್ಲಿನ ಸ್ಪೆಷಲ್. ಮೊಟ್ಟೆ ತುಂಬಿದ ನಿಗೊರೊಬುನಾ ಮೀನನ್ನ ತಿಂಗಳುಗಟ್ಲೆ ಉಪ್ಪಲ್ಲಿಟ್ಟು, ಆಮೇಲೆ ಅನ್ನದ ಜೊತೆ ಮರದ ಪೀಪಾಯೀಲಿ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿ ಇನ್ನಷ್ಟು ತಿಂಗಳು ಹುಳಿ ಬರಿಸ್ತಾರೆ. ಸುಶಿಯ ಹಳೇ ರೂಪ ಇದೇ ಅಂತಾರೆ. ತೆಳ್ಳಗೆ ಹೆಚ್ಚಿ ತಟ್ಟೆಗೆ ಹಾಕ್ತಾರೆ, ನಡುವೆ ಕಿತ್ತಳೆ ಬಣ್ಣದ ಮೊಟ್ಟೆ. ವಾಸನೆ ಜೋರು, ಬಾಯಿಗಿಟ್ರೆ ಮೊದಲು ಹುಳಿ, ಆಮೇಲೆ ಉಪ್ಪು, ನಿಧಾನಕ್ಕೆ ಬೆಣ್ಣೆ ಥರ ಕರಗುತ್ತೆ. ನಿಂಗೆ ಗ್ಯಾರಂಟಿ ಇಷ್ಟ ಆಗುತ್ತೆ, ಮನೆಯವರು ಮಾತ್ರ ನಿನ್ನ ಜಗಲೀಲಿ ಕೂರಿಸಿ ಬಡಿಸ್ತಾರೆ. ಈ ಮೀನೇ ಕಮ್ಮಿಯಾಗಿದೆ ಪಾಪ, ಹೊರಗಿಂದ ಬಂದ ಬ್ಲ್ಯಾಕ್ ಬಾಸ್, ಬ್ಲೂಗಿಲ್ ಮೀನುಗಳ ಕಾಟ. ಅವನ್ನ ಹಿಡಿದ್ರೆ ವಾಪಸ್ ನೀರಿಗೆ ಬಿಡೋ ಹಾಗಿಲ್ಲ ಅಂತ 2003ರಿಂದ ಕಾನೂನಿದೆ, ಹಾಕೋಕೆ ದಡದಲ್ಲಿ ಪೆಟ್ಟಿಗೆ ಇಟ್ಟಿದಾರೆ.

ಈ ಪತ್ರ ಅಮ್ಮನಿಗೆ ಓದಿ ಹೇಳ್ಬೇಡ. ಆದ್ರೆ ಈ ವಾರ ಆ ಕಡೆ ಹೋದ್ರೆ ಕಬಾತಾ ಫೋಟೋಗಳನ್ನ ನಿನ್ನ ಫೋನಲ್ಲಿ ದೊಡ್ಡದು ಮಾಡಿ ತೋರ್ಸು. ಮೀನು ಪಾತ್ರೆ ತೊಳೆಯುತ್ತಂತೆ ಅಂದ್ರೆ ನಗ್ತಾಳೆ, ನಮ್ಮ ಕಲ್ಲುಮರಿಗೆಗೂ ಎರಡು ತಂದು ಬಿಡೋ ಅಂತಾಳೆ ನೋಡು. ಹಾಗೇ ದಬ್ಬೆ ಎಲ್ಲಾದ್ರೂ ಜಾರಿದೆಯಾ ಅಂತ ಒಂಚೂರು ಮೇಲೆ ಹತ್ತಿ ನೋಡ್ಬಿಡು.

ಪುಟ್ಟಿಗೆ ಹಿಕೊನೆ ಕೋಟೆಯ ಬೆಕ್ಕಿನ ಬೊಂಬೆ ಕಳ್ಸಿದೀನಿ, ಹಿಕೊನ್ಯಾನ್ ಅಂತ, ಬಿಳೀ ಬೆಕ್ಕು, ತಲೆ ಮೇಲೆ ಕೆಂಪು ಶಿರಸ್ತ್ರಾಣ. ತಲುಪಿದ ತಕ್ಷಣ ಹೇಳು. ಹಸಿರು ಕೊಡೆ ಬೇಕು ಅಂತ ಅವಳು ಕೇಳಿದ್ರೆ ಅದನ್ನ ಹೇಳಿಕೊಟ್ಟಿದ್ದು ನೀನೇ ಅಂತ ನಂಗೆ ಗೊತ್ತಾಗುತ್ತೆ.

ನಿನ್ನ
ಒಸಾಕಾ ಗೆಳೆಯ