ಪೊಟರೆ ಮರ ಉಳಿಸಿ, ಪುನುಗು ಉಳಿಯುತ್ತದೆ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಮರ ಕಡಿಯಲು ಅನುಮತಿ ಕೊಡುವಾಗ ಪುನುಗು ಬೆಕ್ಕಿನ ನೆಲೆಯನ್ನೂ ಪರಿಶೀಲಿಸುವ ಬಗ್ಗೆ

ಮಾನ್ಯರೇ,

ಪುನುಗು ಬೆಕ್ಕುಗಳು ಅಭಯಾರಣ್ಯದ ಗಡಿ ನೋಡಿ ಬದುಕುವುದಿಲ್ಲ. ಕಾಫಿ ತೋಟ, ಕೊಡಗಿನ ಬಾಣೆ ಮತ್ತು ದೇವರಕಾಡು, ಶಿವಮೊಗ್ಗದ ಕಾನು, ಉತ್ತರ ಕನ್ನಡದ ಬೆಟ್ಟಭೂಮಿ, ಬಯಲುಸೀಮೆಯ ಗೋಮಾಳ, ಇವೆಲ್ಲ ಅವುಗಳ ನೆಲೆ. ಇಂಥ ಜಾಗದಲ್ಲಿ ಯಾವ ಮರ ಬೀಳಬೇಕು, ಯಾವ ಪೊದೆ ಉಳಿಯಬೇಕು ಎನ್ನುವುದು ಬಹುತೇಕ ನಿಮ್ಮ ಇಲಾಖೆಯ ಸಹಿಯಿಂದ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ.

ಪುನುಗು ಎಂದರೆ ಒಂದೇ ಪ್ರಾಣಿ ಎಂದುಕೊಂಡು ಯೋಜನೆ ಮಾಡಿದರೆ ಕೆಲಸ ಕೆಡುತ್ತದೆ. ಮುಖದಲ್ಲಿ ಕಪ್ಪು ಮುಸುಕು, ಬೆನ್ನ ಮೇಲೆ ಮಾಸಲು ಪಟ್ಟೆಗಳಿರುವ ಮರ ಪುನುಗು ಕಾಡು, ತೋಟ, ಬೆಂಗಳೂರಿನ ಹಳೇ ಬಡಾವಣೆ ಎಲ್ಲಕ್ಕೂ ಹೊಂದಿಕೊಂಡಿದೆ. ಮೈಯೆಲ್ಲ ಒಂದೇ ಕಂದು ಬಣ್ಣವಿದ್ದು, ಕತ್ತಿನ ಕೂದಲು ಹಿಂದುಮುಂದಾಗಿ ಬೆಳೆದಿರುವ ಕಂದು ಮರ ಪುನುಗು ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಮೈಮೇಲೆ ಚುಕ್ಕೆ ಸಾಲು, ಬಾಲದಲ್ಲಿ ಬಳೆಯಂಥ ಪಟ್ಟೆಗಳಿರುವ ಸಣ್ಣ ಪುನುಗು ಬಹುಮಟ್ಟಿಗೆ ನೆಲದ ಪ್ರಾಣಿ. ಮೊದಲೆರಡಕ್ಕೆ ಮರ ಬೇಕು, ಮೂರನೆಯದಕ್ಕೆ ಹುಲ್ಲು, ಪೊದೆ ಬೇಕು.

ಮರದ ವಿಷಯಕ್ಕೇ ಮೊದಲು ಬರುತ್ತೇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಕಾಡುಮರಗಳಲ್ಲಿ ಹೆಚ್ಚಿನವಕ್ಕೆ ಬೇಕು. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕೆಂದಾಗ ಮಾರಬಹುದು. ಹೀಗಿರುವಾಗ ಬೆಳೆಗಾರ ಅದನ್ನೇ ನೆಟ್ಟರೆ ಅವನನ್ನು ದೂರಲಾಗದು. ಆದರೆ ಅದರ ಒಣ ಬೀಜ ಪುನುಗಿಗೆ ಆಹಾರವಲ್ಲ. ಮೆಣಸಿಗಾಗಿ ಕೊಂಬೆ ಸವರಿದ ಸಿಲ್ವರ್ ಓಕ್ ಸಾಲಿನಲ್ಲಿ ಕೊಂಬೆಗೆ ಕೊಂಬೆ ತಾಗುವುದಿಲ್ಲ, ಮರದಿಂದ ಮರಕ್ಕೆ ದಾಟಲಾಗದ ಪ್ರಾಣಿ ನೆಲಕ್ಕಿಳಿದು ನಾಯಿಗಳ ಬಾಯಿಗೆ ಬೀಳುತ್ತದೆ.

ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವನ್ಯಜೀವಿ ಸಂಶೋಧಕಿ ದಿವ್ಯಾ ಮುಡಪ್ಪ ಮತ್ತು ಸಂಗಡಿಗರು ಕಂದು ಮರ ಪುನುಗಿನ ಬಗ್ಗೆ ಮಾಡಿದ ಅಧ್ಯಯನ ಇಲ್ಲಿ ದಾರಿ ತೋರಿಸುತ್ತದೆ. ಅದರ ಆಹಾರದಲ್ಲಿ ಹಣ್ಣೇ ಪ್ರಧಾನ, ಅದೂ 50ಕ್ಕೂ ಹೆಚ್ಚು ಜಾತಿಯ ಕಾಡುಹಣ್ಣು. ಹಗಲು ಮಲಗುವುದು ದೊಡ್ಡ ಮರದ ಪೊಟರೆ, ಬಳ್ಳಿಗಳ ಹೆಣಿಗೆ ಅಥವಾ ಕೆಂದಳಿಲು ಕಟ್ಟಿದ ಗೂಡಿನಲ್ಲಿ. ನುಂಗಿದ ಬೀಜ ಕೆಡದೆ ಹಿಕ್ಕೆಯಲ್ಲಿ ಹೊರಬಂದು ಬೇರೆಡೆ ಮೊಳೆಯುತ್ತದೆ. ಹಗಲಲ್ಲಿ ಮಂಗಟ್ಟೆ ಹಕ್ಕಿ ಮಾಡುವ ಬಿತ್ತನೆಯನ್ನು ರಾತ್ರಿ ಈ ಪ್ರಾಣಿ ಮಾಡುತ್ತದೆ. ಆದರೆ ಮರ ಗುರುತು ಮಾಡುವಾಗ ಪೊಟರೆ ಬಿದ್ದ ಮರವನ್ನೇ 'ಟೊಳ್ಳು, ಕೆಲಸಕ್ಕೆ ಬಾರದ್ದು' ಎಂದು ಮೊದಲು ಕಡಿಯಲು ಬಿಡುತ್ತೇವೆ. ಅಂಥ ಪೊಟರೆಯಾಗಲು ಹಲವು ದಶಕ ಬೇಕು, ಸಸಿ ನೆಟ್ಟು ತುಂಬಿಕೊಡುವ ನಷ್ಟ ಇದಲ್ಲ.

ಸ್ಥಳ ಪರಿಶೀಲನೆಯ ನಮೂನೆಯಲ್ಲಿ ಜಾತಿ, ಸುತ್ತಳತೆ, ಎತ್ತರದ ಜೊತೆಗೆ ಮೂರು ಕಾಲಂ ಸೇರಿಸಿ: ಪೊಟರೆ ಇದೆಯೇ, ಪ್ರಾಣಿ ಪಕ್ಷಿ ತಿನ್ನುವ ಹಣ್ಣಿನ ಮರವೇ, ಕಡಿದರೆ ಪಕ್ಕದ ಮರಗಳ ಕೊಂಬೆ ಕೂಡುವುದು ತಪ್ಪುತ್ತದೆಯೇ. ಎಕರೆಗೆ ಕನಿಷ್ಠ ಎರಡು ಪೊಟರೆ ಮರ, ಐದು ಹಣ್ಣಿನ ಮರ ಉಳಿಯಲೇಬೇಕೆಂಬ ಷರತ್ತು ಹಾಕಬಹುದು. ಅತ್ತಿ, ಬಸರಿ, ಗೋಳಿ ಇದ್ದರೆ ಬಹಳ ಒಳ್ಳೆಯದು. ಒಂದೊಂದು ಮರ ಒಂದೊಂದು ಕಾಲಕ್ಕೆ ಹಣ್ಣು ಬಿಡುವುದರಿಂದ ವರ್ಷದ ಬರಗಾಲದ ತಿಂಗಳುಗಳು ತುಂಬುತ್ತವೆ. ಬಗನಿ, ನೇರಳೆ, ಹೆಬ್ಬಲಸು ಕೂಡ ಬೇಕು. ಹಾಗೆ ಉಳಿಸಿಕೊಂಡ ಬೆಳೆಗಾರನ ಉಳಿದ ಅರ್ಜಿಯನ್ನು ತಡಮಾಡದೆ ಮಂಜೂರು ಮಾಡಿ. ಬರೀ ನಿರ್ಬಂಧ ಹೇರಿದರೆ ಇನ್ನಷ್ಟು ಸಿಲ್ವರ್ ಓಕ್ ಬರುತ್ತದೆ, ಅಷ್ಟೆ.

ಸಣ್ಣ ಪುನುಗಿನ ತೊಂದರೆ ಬೇರೆ. ಇಲಿ, ಕೀಟ, ಹಲ್ಲಿ ತಿಂದು ರೈತನಿಗೆ ನೆರವಾಗುವ ಈ ಪ್ರಾಣಿ ಕುರುಚಲು, ಬದುವಿನ ಹುಲ್ಲು, ಕತ್ತಾಳೆ ಬೇಲಿಗಳ ನಡುವೆ ಅಡಗುತ್ತದೆ. ಇಂಥ ಜಾಗವನ್ನು ಬೀಳು ಎಂದು ಕರೆದು ಜೆಸಿಬಿಯಲ್ಲಿ ಸವರಿ ಒಂದೇ ಜಾತಿಯ ಸಸಿ ನೆಡುವುದನ್ನು ನಿಲ್ಲಿಸಿ. ನೆಡಲೇಬೇಕಾದಲ್ಲಿ ಪೊದೆಗಳ ಪಟ್ಟಿಗಳನ್ನು ನಡುನಡುವೆ ಹಾಗೇ ಬಿಡಿ. ಹಂದಿಗೆಂದು ಒಡ್ಡುವ ಉರುಳಿನಲ್ಲಿ ಪುನುಗೂ ಸಿಕ್ಕಿಬೀಳುತ್ತದೆ. ಗಸ್ತು ಕಾಡಿನೊಳಗಷ್ಟೇ ಸಾಲದು, ತೋಟದಂಚಿನ ಬೇಲಿಗಳ ಉದ್ದಕ್ಕೂ ನಡೆಯಬೇಕು.

ಊರು, ಪೇಟೆಗಳಿಂದ ಬರುವ ದೂರುಗಳ ಬಗ್ಗೆಯೂ ಸಿಬ್ಬಂದಿಗೆ ಸ್ಪಷ್ಟ ಸೂಚನೆ ಬೇಕು. ಹೆಂಚಿನ ಅಟ್ಟದಲ್ಲಿ ಪುನುಗು ಇದೆ ಎಂದೊಡನೆ ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡುವುದು ತಪ್ಪು. ತಾಯಿ ಹೋದರೆ ಮರಿಗಳು ಅಟ್ಟದಲ್ಲೇ ಸಾಯುತ್ತವೆ. ಬಿಟ್ಟ ಪ್ರಾಣಿಗೆ ಹೊಸ ಜಾಗದಲ್ಲಿ ಆಹಾರ, ಅಡಗುತಾಣ ಗೊತ್ತಿರುವುದಿಲ್ಲ. ಮೊದಲು ಮರಿಗಳಿವೆಯೇ ನೋಡಬೇಕು. ಇದ್ದರೆ ಅವು ತಾಯಿಯ ಹಿಂದೆ ಹೊರಡುವವರೆಗೆ ಕಾಯಬೇಕು. ಇಲ್ಲದಿದ್ದರೆ ಸಂಜೆ ಸಂದಿನ ಬಳಿ ಬೂದಿ ಹರಡಿ, ಹೊರಹೋದ ಹೆಜ್ಜೆ ಮೂಡಿದ ಮೇಲೆ ರಾತ್ರಿಯೇ ಗಟ್ಟಿ ತಂತಿಜಾಲರಿ ಹೊಡೆಯಬೇಕು. ಮಾಡಿಗೆ ಚಾಚಿದ ಕೊಂಬೆ ಸವರಿದರೆ ಮತ್ತೆ ಬರುವುದು ಕಡಿಮೆ. ಪುನುಗಿನ ಕಾಫಿಯ (ಪುನುಗು ತಿಂದು ಹಿಕ್ಕೆಯಲ್ಲಿ ಹೊರಹಾಕಿದ ಬೀಜದ ಕಾಫಿ) ಹೆಸರಲ್ಲಿ ಎಲ್ಲಾದರೂ ಬೋನು ಕಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಕದ್ದಮೆಯೇ ಆಗಬೇಕು.

ಇನ್ನೊಂದು ಕೋರಿಕೆ. ಹುಲಿ ಗಣತಿಯ ಕ್ಯಾಮೆರಾಗಳಲ್ಲಿ ಪುನುಗಿನ ಚಿತ್ರಗಳೂ ಬೀಳುತ್ತವೆ. ಅವನ್ನು ಜಾತಿವಾರು ವಿಂಗಡಿಸಿ ಸಂಶೋಧಕರಿಗೆ ಕೊಡಿ. ಕಾಡುದಾರಿಯಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿದ ಕ್ಯಾಮೆರಾಗೆ ಮರದ ಮೇಲಿನ ಪ್ರಾಣಿ ಸರಿಯಾಗಿ ಸಿಗುವುದಿಲ್ಲವಾದ್ದರಿಂದ, ಹಣ್ಣು ಬಿಟ್ಟ ಮರಗಳ ಕೊಂಬೆಗಳಲ್ಲೂ ಕೆಲವನ್ನು ಕಟ್ಟಿಸಿ. ಕರಾವಳಿಯನ್ನು ಮರೆಯಬೇಡಿ. ಹೊನ್ನಾವರದಿಂದ ಕನ್ಯಾಕುಮಾರಿವರೆಗೆ ಇತ್ತೆಂದು ದಾಖಲಾದ, ಮೇಲಿನ ಮೂರಕ್ಕಿಂತ ಬೇರೆ ಜಾತಿಯಾದ ಮಲಬಾರ್ ಪುನುಗಿನ ಚರ್ಮಗಳು 1987ರಲ್ಲಿ ಕೇರಳದ ನಿಲಂಬೂರು ಸುತ್ತಿನಲ್ಲಿ ಸಿಕ್ಕಿದ್ದವು. ಆಮೇಲೆ ಹುಡುಕಿದವರ ಕ್ಯಾಮೆರಾಗಳಿಗೆ ಅದು ಸಿಕ್ಕಿಲ್ಲ. ಪೊದೆ ಬೆಳೆದ ಹಳೇ ಗೇರು ತೋಪುಗಳನ್ನು ಸವರಿ ರಬ್ಬರ್ ಹಾಕುವ ಮೊದಲು ಅಲ್ಲಿ ಒಂದು ಸಮೀಕ್ಷೆಯಾದರೂ ನಡೆಯಲಿ.

ಮುಂಗಾರಿಗೆ ಮುಂಚೆ ತೋಟಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಶುರುವಾಗುತ್ತದೆ. ಪರಿಶೀಲನಾ ನಮೂನೆಯ ತಿದ್ದುಪಡಿಗೆ ಹೊಸ ಕಾನೂನಿನ ಅಗತ್ಯ ನಮಗೆ ಕಾಣುವುದಿಲ್ಲ. ಒಂದು ಸುತ್ತೋಲೆ ಅಷ್ಟರೊಳಗೆ ವಲಯ ಕಚೇರಿಗಳನ್ನು ತಲುಪಬೇಕು.

ಇಂತಿ,
ಮಲೆನಾಡಿನ ಸಣ್ಣ ವನ್ಯಜೀವಿಗಳ ಅಧ್ಯಯನದಲ್ಲಿ ತೊಡಗಿರುವವರು